ಹಳೆಯ ಕಾರಿನ ಕಿಟಕಿಗೆ ಹೊಸ ಮೋಟಾರು

ಹಿರಿಯೂರಿನಿಂದ ಹೊಸದುರ್ಗ, ಅಲ್ಲಿಂದ ಹೊಳಲ್ಕೆರೆಯ ಮೇಲೆ ಚಿತ್ರದುರ್ಗ, ಮರಳಿ ಹಿರಿಯೂರು. ನಮ್ಮ ಮನೆಯ ಅಂಬಾಸಿಡರ್ ಕಾರು ವರ್ಷಕ್ಕೆ ಹತ್ತಾರು ಬಾರಿ ಹಾಕುವ ಸುತ್ತು ಇದು. ನೆಂಟರಿಷ್ಟರೆಲ್ಲ ಇರುವುದು ಈ ನಾಲ್ಕು ತಾಲ್ಲೂಕುಗಳಲ್ಲೇ. ಬಯಲುಸೀಮೆಯ ಈ ದಾರಿಯಲ್ಲಿ ಹವಾನಿಯಂತ್ರಣವಿಲ್ಲದ ಕಾರಿನ ಕಿಟಕಿಗೆ ಬಿಡುವೆಂಬುದಿಲ್ಲ. ಬಿಸಿಲಿಗೆ ಗಾಜು ಇಳಿಸಬೇಕು; ಎದುರಿಗೆ ಅದಿರಿನ ಲಾರಿ ಬಂದರೆ ಕೆಂಧೂಳಿಗೆ ಏರಿಸಬೇಕು. ಗಾಳಿಯಂತ್ರಗಳು ನಿಂತ ಗುಡ್ಡಗಳ ಮಗ್ಗುಲಿಗೆ ಬಂದರೆ ಆಷಾಢದ ಗಾಳಿ ತಲೆಯ ಮೇಲಿನ ಸೆರಗನ್ನೇ ಕಿತ್ತೊಯ್ಯುತ್ತದೆ.

ಮುಂದಿನ ಎಡ ಆಸನದಲ್ಲಿ ಕೂರುವ ಅಮ್ಮನಿಗೆ ಈಗ ಎಪ್ಪತ್ತಾರು. ಸಂಧಿವಾತದಿಂದ ಬೆರಳ ಗೆಣ್ಣುಗಳು ಊದಿಕೊಂಡಿವೆ. ಕಳೆದ ಬೇಸಿಗೆಯಲ್ಲಿ ಧೂಳು ಕಾರಿನೊಳಕ್ಕೆ ನುಗ್ಗಿದಾಗ ಅವರು ಎರಡೂ ಕೈಗಳಿಂದ ಹ್ಯಾಂಡಲ್ ಹಿಡಿದು ಅರ್ಧ ಸುತ್ತು ತಿರುಗಿಸಿ, ‘ಆಗಲ್ಲ ಬಿಡಪ್ಪ’ ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡು ಕುಳಿತರು. ಮುಂದಿನ ಸಲ ಹೊರಟಾಗ ‘ನಾನು ಬರಲ್ಲ’ ಎಂದರು. ಕಾರಣ ಕೇಳಿದ್ದಕ್ಕೆ ಮಂಡಿನೋವೆಂದರು. ಕಾರಣ ಮಂಡಿಯಲ್ಲಿರಲಿಲ್ಲ.

ಬಾಗಿಲಿಗೊಂದು ವಿದ್ಯುತ್ ಮೋಟಾರು ಕೂರಿಸಿ ‘ಪವರ್ ವಿಂಡೋ’ ಮಾಡಿಸೋಣವೆಂದರೆ ಅಣ್ಣ ಒಪ್ಪಲಿಲ್ಲ. ಅದು ಅಪ್ಪ 1984ರಲ್ಲಿ ಕೊಂಡ ಕಾರು. ‘ಅಪ್ಪ ಬಿಟ್ಟುಹೋದ ಹಾಗೇ ಇರಲಿ. ಗುಂಡಿ ಒತ್ತುವ ಶೋಕಿ ಬೇಕಿದ್ದರೆ ಹೊಸ ಕಾರು ಕೊಳ್ಳಿ’ ಎಂಬುದು ಅವರ ವಾದ. ಇದು ಬರಿಯ ಹಟವಲ್ಲ. ಉತ್ತರಪಾರಾದ ಕಾರ್ಖಾನೆಯಲ್ಲಿ 2014ರ ಮೇ ತಿಂಗಳಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ಇನ್ನು ಇರುವಷ್ಟೇ ಕಾರುಗಳು, ಕೆಡಿಸಿದರೆ ಕೆಟ್ಟಂತೆಯೇ.

ಆದರೆ ಮೂಲಸ್ವರೂಪವೆಂಬುದು ಯಾವುದರಲ್ಲಿದೆ? 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ವಿಂಟೇಜ್ ವಾಹನಗಳ ನಿಯಮ ಐವತ್ತು ವರ್ಷ ದಾಟಿದ ವಾಹನಗಳಿಗೆ ಅನ್ವಯಿಸುತ್ತದೆ. ಚಾಸಿ, ಕವಚ, ಎಂಜಿನ್ ಮಾರ್ಪಾಡಾಗದಂತೆ ಉಳಿದಿರಬೇಕೆನ್ನುವ ಅದೇ ನಿಯಮ, ಹಾಗೆ ನೋಂದಾಯಿಸಿದ ಕಾರನ್ನು ನಿತ್ಯದ ಓಡಾಟಕ್ಕೆ ಬಿಡುವುದಿಲ್ಲ. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ ಧರ್ಮಸ್ಥಳದ ‘ಪಯಣ’ ಸಂಗ್ರಹಾಲಯದ ಕಾರುಗಳಿಗೆ ಅಂಥ ಕಟ್ಟುನಿಟ್ಟು ಶೋಭಿಸುತ್ತದೆ. ತೆಂಗಿನಕಾಯಿಯ ಮೂಟೆಯನ್ನೂ ಅಮ್ಮನನ್ನೂ ಒಟ್ಟಿಗೆ ಹೊರುವ ಕಾರಿನ ಪಾಡು ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವುದು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂಥ ಬದಲಾವಣೆಗಳನ್ನು. ಗಾಜು ಏರಿಸುವ ಬಗೆ ಆ ಪತ್ರದಲ್ಲಿ ಇರುವುದೇ ಇಲ್ಲ. ವಿಮಾ ಕಂಪನಿಗೆ ಒಂದು ಪತ್ರ ಬರೆದಿಟ್ಟರೆ ಲೇಸು.

ಈ ಸೌಕರ್ಯವೇನೂ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಪ್ಯಾಕರ್ಡ್ 180 ಕಾರಿನಲ್ಲಿ 1941ರ ಮಾದರಿಯಲ್ಲೇ ಇತ್ತು. ಅದು ಸಿರಿವಂತರ ಭೋಗವಾಗಿತ್ತೆಂಬುದು ನಿಜ. ನನಗನ್ನಿಸುವುದು ತುಸು ಬೇರೆ. ಹವಾನಿಯಂತ್ರಿತ ಕಾರಿನವರು ದಿನವಿಡೀ ಗಾಜು ಮುಚ್ಚಿಕೊಂಡೇ ಇರುತ್ತಾರೆ; ಗುಂಡಿ ನಿಜಕ್ಕೂ ಬೇಕಿರುವುದು ಗಾಜನ್ನೇ ನಂಬಿಕೊಂಡ ಹಳೆಯ ಕಾರಿನವರಿಗೆ.

ಹಿರಿಯೂರಿನ ಮೆಕ್ಯಾನಿಕ್ ಒಬ್ಬರು ಬಾಗಿಲಿನ ಒಳಹೊದಿಕೆ ಬಿಚ್ಚಿದರು. ಹ್ಯಾಂಡಲ್ ತಿರುಗಿಸಿದರೆ ಒಳಗಿನ ಪುಟ್ಟ ಹಲ್ಲುಚಕ್ರವೊಂದು ಬೀಸಣಿಗೆಯಾಕಾರದ ಹಲ್ಲುಪಟ್ಟಿಯನ್ನು ನೂಕುತ್ತದೆ, ಅದಕ್ಕೆ ಅಂಟಿದ ತೋಳು ಗಾಜನ್ನು ಎತ್ತುತ್ತದೆ. ಇಷ್ಟೇ ರೆಗ್ಯುಲೇಟರ್. ಅದು ಗಟ್ಟಿಮುಟ್ಟಾಗಿಯೇ ಇತ್ತು. ಗಾಜು ಜಾರುವ ಚಾನೆಲ್‌ನ ಉಣ್ಣೆಯ ಪಟ್ಟಿಯಲ್ಲಿ ಮಾತ್ರ ನಮ್ಮ ಜಿಲ್ಲೆಯ ನಾಲ್ಕು ದಶಕಗಳ ಧೂಳು ಗಾರೆಯಂತೆ ಕಟ್ಟಿತ್ತು. ‘ಮೊದಲು ಇದನ್ನ ಸರಿ ಮಾಡೋಣ ಸಾರ್, ಇದಿರುವಾಗ ಮೋಟ್ರು ಹಾಕಿದ್ರೆ ಮೋಟ್ರೇ ಸುಟ್ಟೋಗುತ್ತೆ’ ಎಂದರು. ಪಟ್ಟಿ ಬದಲಿಸಿ, ಗ್ರೀಸು ಸವರಿದ ಮೇಲೆ ಹ್ಯಾಂಡಲ್ ಅರ್ಧಕ್ಕರ್ಧ ಹಗುರಾಯಿತು. ಹಲವರಿಗೆ ಇಷ್ಟೇ ಸಾಕು. ಅಮ್ಮನ ಬೆರಳಿಗೆ ಸಾಲಲಿಲ್ಲ.

ಪೇಟೆಯಲ್ಲಿ ಸಿಗುವ ಸಾಮಗ್ರಿ ಎರಡು ಬಗೆಯದು. ಒಂದರಲ್ಲಿ ಹಳೆಯ ರೆಗ್ಯುಲೇಟರನ್ನು ಕಿತ್ತೆಸೆದು ಕೇಬಲ್ಲಿನದನ್ನು ಕೂರಿಸಬೇಕು. ತಗಡು ಕೊರೆಯದೆ ಅದು ಆಗದು. ಇನ್ನೊಂದರಲ್ಲಿ ಹ್ಯಾಂಡಲ್ ಸಿಕ್ಕಿಸುವ ಕಡ್ಡಿಯನ್ನೇ ಮೋಟಾರು ತಿರುಗಿಸುತ್ತದೆ, ಮೂಲದ ರೆಗ್ಯುಲೇಟರ್ ತನ್ನ ಜಾಗದಲ್ಲೇ ಉಳಿಯುತ್ತದೆ. ಬೇಡವೆಂದ ದಿನ ಬಿಚ್ಚಿ ಹ್ಯಾಂಡಲ್ ಹಾಕಬಹುದು. ಅಣ್ಣ ಒಪ್ಪಿದ್ದು ಈ ಎರಡನೆಯದಕ್ಕೆ. ಹ್ಯಾಂಡಲನ್ನೇ ಸ್ವಿಚ್ಚಾಗಿಸಿ, ಮೇಲೆ ಕೆಳಗೆ ತುಸು ತಳ್ಳಿದರೆ ಗಾಜು ಏರಿಳಿಯುವಂತೆ ಮಾಡುವವರೂ ಅಮೆರಿಕದಲ್ಲಿದ್ದಾರೆ. ಅದು ನನಗೆ ವೇಷವೆನ್ನಿಸಿತು.

ನಿಜವಾದ ಅಪಾಯವಿರುವುದು ತಂತಿಯಲ್ಲಿ. ಹಳೆಯ ಕಾರಿನ ಡೈನಮೋ ಕೊಡುವುದು ಹೆಚ್ಚೆಂದರೆ ಇಪ್ಪತ್ತು ಆಂಪಿಯರ್ ಆಸುಪಾಸು. ಎಂಜಿನ್ ನಿಧಾನವಾಗಿ ತಿರುಗುವಾಗ ಅಷ್ಟೂ ಇಲ್ಲ. ರಾತ್ರಿ ದೀಪಗಳೇ ಅರ್ಧವನ್ನು ನುಂಗುತ್ತವೆ. ಗಾಜು ತುದಿ ಮುಟ್ಟಿದ ಮೇಲೂ ಗುಂಡಿ ಒತ್ತಿಹಿಡಿದರೆ ಮೋಟಾರು ತನ್ನ ಎಂದಿನ ಪಾಲಿನ ಎರಡು ಮೂರು ಪಟ್ಟು ಎಳೆಯುತ್ತದೆ. ನಮ್ಮ ಕಾರಿಗೆ ಹಿಂದೆಯೇ ಆಲ್ಟರ್ನೇಟರ್ ಹಾಕಿಸಿದ್ದರಿಂದ ಬಚಾವು. ಆದರೂ ಬ್ಯಾಟರಿಯಿಂದ ಪ್ರತ್ಯೇಕ ದಪ್ಪ ತಂತಿ, ಅದಕ್ಕೊಂದು ಫ್ಯೂಸು, ರಿಲೇ, ಬಾಗಿಲ ಸಂದಿಯಲ್ಲಿ ತಂತಿ ಸವೆಯದಂತೆ ರಬ್ಬರ್ ಕೊಳವೆ ಬೇಕೇ ಬೇಕು. ಒಂದೂರಿನ ಗ್ಯಾರೇಜಿನವರು ಹಾರ್ನಿನ ತಂತಿಯಿಂದಲೇ ಕರೆಂಟು ತೆಗೆದುಕೊಡುವುದಾಗಿ, ಅರ್ಧ ದಿನದಲ್ಲಿ ಮುಗಿಸುವುದಾಗಿ ಹೇಳಿದರು. ನಾನು ಕಾರು ತಿರುಗಿಸಿಕೊಂಡು ಬಂದೆ.

ಮಕ್ಕಳಿರುವ ಮನೆಯವರು ಇನ್ನೊಂದನ್ನು ನೋಡಬೇಕು. ಈ ಅಗ್ಗದ ಮೋಟಾರುಗಳಿಗೆ ಅಡ್ಡ ಬಂದದ್ದು ಕೈಯೋ ಕುತ್ತಿಗೆಯೋ ತಿಳಿಯದು. ಮೊಣಕಾಲು ತಾಗಿದರೂ ಗಾಜು ಏರದಂತೆ ಗುಂಡಿಯ ರಚನೆಗೇ ಅಮೆರಿಕದಲ್ಲಿ ನಿಯಮವಿದೆ. ಮೇಲಕ್ಕೆಳೆದರಷ್ಟೇ ಗಾಜು ಏರಿಸುವ ಗುಂಡಿಯನ್ನೇ ಕೇಳಿ ಪಡೆಯಿರಿ. ಕೀಲಿ ತೆಗೆದೊಡನೆ ವಿದ್ಯುತ್ ನಿಲ್ಲುವಂತೆಯೂ ಮಾಡಿಸಿ.

ನಾಲ್ಕು ಬಾಗಿಲಲ್ಲಿ ನಾವು ಬದಲಿಸಿದ್ದು ಅಮ್ಮನದೊಂದೇ. ಬ್ಯಾಟರಿ ಸತ್ತ ದಿನ, ಕಾರು ನೀರಿಗೆ ಸಿಕ್ಕ ದಿನ, ಕೈಯಿಂದ ತೆರೆಯುವ ಕಿಟಕಿ ಇರಲೇಬೇಕು. ಬಿಚ್ಚಿದ ಹ್ಯಾಂಡಲನ್ನು ಅಣ್ಣ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ, ಜಾಕಿನ ಪಕ್ಕ ಇಟ್ಟಿದ್ದಾರೆ. ಕಳೆದ ತಿಂಗಳು ಹೊಳಲ್ಕೆರೆಯ ಮದುವೆಗೆ ಅಮ್ಮ ಯಾರೂ ಕರೆಯುವ ಮೊದಲೇ ಬಂದು ಮುಂದಿನ ಆಸನದಲ್ಲಿ ಕುಳಿತಿದ್ದರು. ದಾರಿಯಲ್ಲಿ ಲಾರಿ ಇನ್ನೂ ದೂರವಿರುವಾಗಲೇ ಗಾಜು ಏರಿತು. ಲಾರಿ ದಾಟಿದೊಡನೆ ಇಳಿಯಿತು.