ಗ್ರಾಮ ಸಭೆಯ ಗುರಿ, ಗ್ರಾಮ ಸಭೆಗೇ ಲೆಕ್ಕ



ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಗ್ರಾಮ ಸಭೆಗಳಲ್ಲಿ ಯಾವ ವಿಷಯ ಬಿಟ್ಟುಹೋದರೂ ಕುಡಿಯುವ ನೀರಿನ ವಿಷಯ ಬಿಟ್ಟುಹೋಗುವುದಿಲ್ಲ. ಮಳೆ ಕಡಿಮೆ, ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಮಕ್ಕಳ ಹಲ್ಲಿನ ಕಂದು ಕಲೆಯನ್ನೂ ಹಿರಿಯರ ಬಿಗಿದ ಕೀಲುಗಳನ್ನೂ ಕಾಣದ ಸದಸ್ಯರು, ವಿಶೇಷವಾಗಿ ಪಾವಗಡ ಭಾಗದಲ್ಲಿ, ವಿರಳ. ಆದ್ದರಿಂದ ಗುರಿ ನಿಗದಿ ಮತ್ತು ಉತ್ತರದಾಯಿತ್ವದ ವಿಚಾರವನ್ನು ನೀರಿನ ಉದಾಹರಣೆಯಿಂದಲೇ ವಿವರಿಸುವುದು ಸೂಕ್ತ.

ನಾನು ಹಿಂದೆ ಕರ್ತವ್ಯ ನಿರ್ವಹಿಸಿದ ಒಂದು ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ "ಶುದ್ಧ ಕುಡಿಯುವ ನೀರಿನ ಘಟಕ ಸ್ಥಾಪನೆ" ಎಂದು ನಮೂದಾಗಿತ್ತು. ಘಟಕ ಸ್ಥಾಪನೆಯಾಯಿತು, ಅಳತೆ ಪುಸ್ತಕದಲ್ಲಿ ದಾಖಲಾಯಿತು, ಬಿಲ್ಲು ಪಾವತಿಯಾಯಿತು. ಭೌತಿಕ ಪ್ರಗತಿ ಶೇ. 100, ಆರ್ಥಿಕ ಪ್ರಗತಿಯೂ ಶೇ. 100. ಮುಂದಿನ ಗ್ರಾಮ ಸಭೆಯಲ್ಲಿ ಇದನ್ನು ಓದಿ ಮುಗಿಸುವ ಮೊದಲೇ ಹಿಂದಿನ ಸಾಲಿನಿಂದ ಮಹಿಳೆಯೊಬ್ಬರು ಎದ್ದು, "ಘಟಕ ಐತೆ ಸಾರ್, ನೀರೆಲ್ಲೈತೆ?" ಎಂದರು. ಫಿಲ್ಟರ್ ಕೆಟ್ಟು ಎರಡು ತಿಂಗಳಾಗಿತ್ತು. ಅದನ್ನು ಬದಲಾಯಿಸುವ ಹೊಣೆ ಯಾರದೆಂದು ನಡವಳಿ ಪುಸ್ತಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ನಾನು ಓದಿದ ವರದಿಯಲ್ಲಿ ಸುಳ್ಳಿರಲಿಲ್ಲ. ನಾವು ಹಾಕಿಕೊಂಡ ಗುರಿಯೇ ತಪ್ಪಾಗಿತ್ತು. ಇಂಜಿನಿಯರಿಂಗ್ ಓದಿದವರಿಗೆ ಅಂದಾಜು ಪಟ್ಟಿಯನ್ನೇ ಗುರಿಯೆಂದು ಭ್ರಮಿಸುವ ಅಭ್ಯಾಸವಿರುತ್ತದೆ. ನಾನೂ ಅದಕ್ಕೆ ಹೊರತಲ್ಲ.

ಕಾಮಗಾರಿಯು ಸಾಧನ ಮಾತ್ರ. ಗುರಿಯನ್ನು ಹೀಗೆ ಬರೆಯಬಹುದಿತ್ತು: "ಗ್ರಾಮದ ಎಲ್ಲ ಮನೆಗಳಿಗೂ ವರ್ಷದ ಎಲ್ಲ ದಿನವೂ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮೀರದ ಕುಡಿಯುವ ನೀರು." ಭಾರತೀಯ ಮಾನಕದಂತೆ 1.0 ಮಿಲಿಗ್ರಾಂ ಒಳಗಿರುವುದು ಉತ್ತಮ. ಬೇರೆ ಜಲಮೂಲವಿಲ್ಲದಿದ್ದಲ್ಲಿ ಮಾತ್ರ 1.5ರವರೆಗೆ ಅವಕಾಶ. ಹೀಗೆ ಬರೆದ ಕೂಡಲೇ, ನೀರನ್ನು ಪರೀಕ್ಷಿಸುವವರು ಯಾರು, ವಿದ್ಯುತ್ ಬಿಲ್ಲು ಯಾವ ಲೆಕ್ಕದಿಂದ, ಘಟಕ ಕೆಟ್ಟ ದಿನ ನೀರುಗಂಟಿ ಯಾರಿಗೆ ತಿಳಿಸಬೇಕು ಎಂಬ ಪ್ರಶ್ನೆಗಳಿಗೆ ಸಭೆಯಲ್ಲೇ ಉತ್ತರ ಹುಡುಕಬೇಕಾಗುತ್ತದೆ. ಒಂದು ಎಚ್ಚರಿಕೆ: ಟಿ.ಡಿ.ಎಸ್. ಮೀಟರ್ ಫ್ಲೋರೈಡನ್ನು ತೋರಿಸುವುದಿಲ್ಲ, ನೀರನ್ನು ಕುದಿಸಿದರೂ ಅದು ಹೋಗುವುದಿಲ್ಲ. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಕೆಯ ತರಬೇತಿ ನೀಡುವ ವ್ಯವಸ್ಥೆಯಿದೆ. ಅವರ ಫಲಿತಾಂಶವನ್ನು ಸಭೆಯಲ್ಲಿ ಅವರಿಂದಲೇ ಓದಿಸಬೇಕೆಂಬುದು ನನ್ನ ಅಭಿಪ್ರಾಯ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಗ್ರಾಮ ಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ ನಡೆಯಬೇಕು. ಗುರಿ ಹುಟ್ಟಬೇಕಾದುದು ಅಲ್ಲಿಯೇ. ಖರ್ಚಿನ ಲೆಕ್ಕಕ್ಕೆ ಪ್ರತಿ ವರ್ಷದ ಜಮಾಬಂದಿಯಿದೆ. ಜಮಾಬಂದಿ ದಿನ ಘಟಕದ ಕಟ್ಟಡವನ್ನಷ್ಟೇ ತೋರಿಸದೆ ನಲ್ಲಿಯನ್ನೂ ತಿರುಗಿಸಿ ತೋರಿಸುವುದು ವಾರ್ಡಿನ ಸದಸ್ಯರ ಹೊಣೆ.

ಮೇಲೆ ಹೇಳಿದ ಪಂಚಾಯಿತಿಯಲ್ಲಿ ಮುಂದಿನ ವರ್ಷ ಗುರಿಯನ್ನು ತಿದ್ದಿ ಬರೆದೆವು. ಹಿಂದಿನ ನಿರ್ಣಯಗಳ ಅನುಪಾಲನಾ ವರದಿಯನ್ನು ಸಭೆಯ ಮೊದಲ ವಿಷಯವಾಗಿಸಿ, ಅದನ್ನು ಆಯಾ ವಾರ್ಡಿನ ಸದಸ್ಯರೇ ಓದುವಂತೆ ಮಾಡಿದೆವು. ಘಟಕ ಎಷ್ಟು ದಿನ ನಿಂತಿತ್ತು, ಏಕೆ ನಿಂತಿತ್ತು ಎಂಬುದನ್ನೂ ಮರೆಮಾಚದೆ ಓದಲಾಯಿತು. ಬೈಗುಳ ತಪ್ಪಲಿಲ್ಲ. ಆದರೆ ಬೇಸಿಗೆಯಲ್ಲಿ ವಿದ್ಯುತ್ ಕೈಕೊಟ್ಟಾಗ ಬಳಸಲು ಶುದ್ಧೀಕರಿಸಿದ ನೀರಿಗೆ ಇನ್ನೊಂದು ಟ್ಯಾಂಕ್ ಬೇಕೆಂಬ ಸಲಹೆ ಬಂದದ್ದು ಅದೇ ಸಭೆಯಲ್ಲಿ, ಮೊದಲ ವರ್ಷ ಪ್ರಶ್ನೆ ಕೇಳಿದ ಆ ಮಹಿಳೆಯಿಂದ.