ದುರ್ಗಮ ಹಾದಿಗೆ ಇಳಿಯುವ ವಾಹನದಲ್ಲಿ ಏನೇನಿರಬೇಕು?

ರಾಜ್ಯದ ಎಷ್ಟೋ ಉದ್ಯಮಗಳ ಕಾರ್ಯಕ್ಷೇತ್ರ ಡಾಂಬರು ರಸ್ತೆ ಮುಗಿದ ಮೇಲೆಯೇ ಆರಂಭವಾಗುತ್ತದೆ. ಚಿತ್ರದುರ್ಗದ ಗುಡ್ಡಗಳ ಮತ್ತು ಗದಗ ಸೀಮೆಯ ಎರೆಹೊಲಗಳ ಗಾಳಿಯಂತ್ರಗಳು, ಸಂಡೂರಿನ ಗಣಿಗಳು, ಕೊಡಗು-ಚಿಕ್ಕಮಗಳೂರಿನ ಕಾಫಿ ತೋಟಗಳು, ಘಟ್ಟದ ನೆತ್ತಿಯ ಮೊಬೈಲ್ ಗೋಪುರಗಳು ಇದಕ್ಕೆ ನಿದರ್ಶನ. ಇಲ್ಲಿಗೆ ತಂತ್ರಜ್ಞರನ್ನೂ ಸರ್ವೇಕ್ಷಕರನ್ನೂ ಕರೆದೊಯ್ಯುವ ಜೀಪು ಕೆಸರಿನಲ್ಲಿ ಹೂತುಹೋದರೆ ಒಂದು ದಿನದ ಕೆಲಸ ಕೆಡುವುದಷ್ಟೇ ಅಲ್ಲ, ಕತ್ತಲಾದ ಮೇಲೆ ಅದರಲ್ಲಿದ್ದವರ ಸುರಕ್ಷತೆಯ ಪ್ರಶ್ನೆಯೂ ಎದುರಾಗುತ್ತದೆ. ಆದರೂ ಬಹಳಷ್ಟು ವಾಹನಗಳಲ್ಲಿ ಒಂದು ಸ್ಟೆಪ್ನಿ, ಒಂದು ಜಾಕ್ ಬಿಟ್ಟರೆ ಬೇರೇನೂ ಇರುವುದಿಲ್ಲ.

ನೆಲದ ಗುಣಕ್ಕೆ ತಕ್ಕ ಸಿದ್ಧತೆ

ಎಲ್ಲ ಹಾದಿಗಳಿಗೂ ಒಂದೇ ಪಟ್ಟಿ ಹೊಂದುವುದಿಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಗಟ್ಟಿಯಾಗಿರುವ ಎರೆಮಣ್ಣು ಒಂದು ಹದ ಮಳೆ ಬಿದ್ದೊಡನೆ ಟೈರಿನ ಕಚ್ಚುಗಳ ನಡುವೆ ಮೆತ್ತಿಕೊಂಡು ಚಕ್ರವನ್ನು ನುಣುಪಾಗಿಸಿಬಿಡುತ್ತದೆ. ಅಂತಹ ನೆಲದಲ್ಲಿ ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ವಾಹನವೂ ಜಾರುತ್ತದೆ. ಮಲೆನಾಡಿನ ಸಮಸ್ಯೆ ಬೇರೆ: ಕೊರಕಲು ಬಿದ್ದ ಜಂಬಿಟ್ಟಿಗೆ ಮಣ್ಣಿನ ಏರು, ಹಾದಿಗೆ ಅಡ್ಡಬಿದ್ದ ಮರ, ಒಂದೇ ಗಂಟೆಯಲ್ಲಿ ಉಕ್ಕುವ ಹಳ್ಳ. ಆದ್ದರಿಂದ ಹೋಗುವ ಸ್ಥಳ ಮತ್ತು ಋತುವನ್ನು ನೋಡಿ ಸಲಕರಣೆಗಳನ್ನು ನಿರ್ಧರಿಸುವುದು ಸೂಕ್ತ.

ಹೂತ ಚಕ್ರಕ್ಕೆ

ಅತ್ಯಂತ ಅಗ್ಗದ ಸಾಧನಗಳೇ ಇಲ್ಲಿ ಅತ್ಯಂತ ಉಪಯುಕ್ತ. ಚಕ್ರದ ಮುಂದಿನ ಮಣ್ಣು ತೆಗೆಯಲು ಗಟ್ಟಿ ಹಿಡಿಯ ಒಂದು ಸಲಿಕೆ, ಕಲ್ಲು ಕದಲಿಸಲು ಒಂದು ಹಾರೆ, ಮೆದು ನೆಲದಲ್ಲಿ ಜಾಕ್ ಕುಸಿಯದಂತೆ ಅದರ ಅಡಿಗಿಡಲು ಒಂದು ದಪ್ಪ ಹಲಗೆ, ಚಕ್ರಗಳಿಗೆ ಅಡ್ಡಗಟ್ಟಲು ಎರಡು ಮರದ ತುಂಡುಗಳು ಕಡ್ಡಾಯವಾಗಿ ಇರಬೇಕು. ಚಕ್ರದ ಕೆಳಗೆ ಹಾಸಲು ವಿಶೇಷ ಪ್ಲಾಸ್ಟಿಕ್ ಹಲಗೆಗಳು ದೊರೆಯುತ್ತವೆ. ಅವಿಲ್ಲದಿದ್ದಾಗ ಗೋಣಿಚೀಲ ಮತ್ತು ಜಲ್ಲಿಕಲ್ಲು ತಕ್ಕಮಟ್ಟಿಗೆ ಆ ಕೆಲಸ ಮಾಡುತ್ತವೆ.

ಟೈರಿನ ಗಾಳಿ ಇಳಿಸುವುದು ಇನ್ನೊಂದು ಸರಳ ಉಪಾಯ. ಲಘು ವಾಹನದಲ್ಲಿ ಸಾಮಾನ್ಯವಾಗಿ 30 ಪಿಎಸ್‌ಐ ಆಸುಪಾಸಿನಲ್ಲಿರುವ ಒತ್ತಡವನ್ನು 20ರ ಆಸುಪಾಸಿಗೆ ತಂದರೆ ಟೈರು ಅಗಲವಾಗಿ ನೆಲವನ್ನು ಅಪ್ಪಿಕೊಂಡು ಹಿಡಿತ ಹೆಚ್ಚುತ್ತದೆ. ಆದರೆ ಕಡಿಮೆ ಗಾಳಿಯಲ್ಲಿ ಡಾಂಬರು ರಸ್ತೆಯ ಮೇಲೆ ವೇಗವಾಗಿ ಓಡಿಸಿದರೆ ಟೈರು ಕಾದು ಸಿಡಿಯುವ ಅಪಾಯವಿದೆ. ಹಾಗಾಗಿ ಒತ್ತಡ ಅಳೆಯುವ ಮಾಪಕ ಮತ್ತು ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪು ಜೊತೆಗಿರಬೇಕು. ಹೊರೆ ತುಂಬಿದ ಸರಕು ವಾಹನಕ್ಕೆ ಈ ಉಪಾಯ ಸಲ್ಲದು.

ಎಳೆಯುವ ಹಗ್ಗ: ಉಪಕಾರಿಯೂ ಹೌದು, ಅಪಾಯಕಾರಿಯೂ ಹೌದು

ಇನ್ನೊಂದು ವಾಹನದಿಂದ ಎಳೆಸುವಾಗ ಸಂಭವಿಸುವ ಅವಘಡಗಳು ಅತ್ಯಂತ ಘೋರವಾದವು. ಬಿಗಿಯಾಗಿ ಎಳೆದ ಹಗ್ಗದಲ್ಲಿ ಅಪಾರ ಶಕ್ತಿ ಸಂಚಯವಾಗಿರುತ್ತದೆ. ಹಗ್ಗವೋ ಕೊಂಡಿಯೋ ಕಳಚಿದರೆ ಅದು ಗುಂಡಿನಂತೆ ಹಾರಿ ಬರುತ್ತದೆ. ಹೊರೆ ಎತ್ತುವ ಸಾಮರ್ಥ್ಯವನ್ನು ಮುದ್ರಿಸಿದ ಪಟ್ಟಿ ಮತ್ತು ಶ್ಯಾಕಲ್‌ಗಳನ್ನೇ ಕೊಳ್ಳಬೇಕು. ಪಟ್ಟಿಯ ಸಾಮರ್ಥ್ಯ ಹೊರೆಸಹಿತ ವಾಹನದ ತೂಕದ ಎರಡು-ಮೂರು ಪಟ್ಟು ಇರಬೇಕು. ಅದನ್ನು ವಾಹನದ ಚೌಕಟ್ಟಿಗೆ ಬೆಸೆದ ಕೊಕ್ಕೆಗೆ ಮಾತ್ರ ಸಿಕ್ಕಿಸಬೇಕೇ ಹೊರತು ಬಂಪರಿಗಾಗಲೀ ಟ್ರೇಲರ್ ಎಳೆಯುವ ಗುಂಡಿಗಾಗಲೀ ಅಲ್ಲ. ಹಗ್ಗದ ನಡುವೆ ಒದ್ದೆ ಕಂಬಳಿಯೊಂದನ್ನು ಹೊದಿಸಿ, ಉಳಿದವರೆಲ್ಲ ಹಗ್ಗದ ಒಂದೂವರೆ ಪಟ್ಟು ದೂರ ನಿಲ್ಲುವುದು ಕ್ಷೇಮ.

ಇಂಧನ ಮತ್ತು ದುರಸ್ತಿ

ಕೆಳ ಗೇರಿನಲ್ಲಿ ಸಾಗುವ ವಾಹನ ರಸ್ತೆಯಲ್ಲಿ ಓಡುವುದಕ್ಕಿಂತ ಬಹಳ ಹೆಚ್ಚು ಇಂಧನ ಕುಡಿಯುತ್ತದೆ. ಹೀಗಾಗಿ ಹೊರಡುವಾಗಲೇ ಟ್ಯಾಂಕು ತುಂಬಿರಬೇಕು. ಹೆಚ್ಚುವರಿ ಪೆಟ್ರೋಲ್ ಒಯ್ಯುವವರು 1934ರ ಪೆಟ್ರೋಲಿಯಂ ಕಾಯಿದೆಯ ಮಿತಿಯನ್ನು ತಿಳಿದಿರುವುದು ಅವಶ್ಯ. ಪರವಾನಗಿಯಿಲ್ಲದೆ ಆ ಮಿತಿಗಿಂತ ಹೆಚ್ಚು ಸಾಗಿಸುವಂತಿಲ್ಲ. ಪಂಕ್ಚರ್ ತಿದ್ದುವ ಸಾಮಗ್ರಿ, ಫ್ಯಾನ್ ಬೆಲ್ಟ್, ಫ್ಯೂಸುಗಳು, ಇಂಜಿನ್ ಎಣ್ಣೆ, ಸ್ಪ್ಯಾನರುಗಳು, ಕಟ್ಟುತಂತಿ, ಬ್ಯಾಟರಿ ಜೋಡಿಸುವ ಕೇಬಲ್ ಹಾಗೂ ಬೆಂಕಿ ನಂದಿಸುವ ಸಿಲಿಂಡರು ಒಂದೇ ಪೆಟ್ಟಿಗೆಯಲ್ಲಿ, ಅಲುಗಾಡದಂತೆ ಬಿಗಿದಿರಬೇಕು.

ಜೀವರಕ್ಷಣೆ ಮತ್ತು ಸಂಪರ್ಕ

ತಲಾ ದಿನಕ್ಕೆ ನಾಲ್ಕೈದು ಲೀಟರ್ ಕುಡಿಯುವ ನೀರು, ಬೇಯಿಸದೆ ತಿನ್ನಬಹುದಾದ ಆಹಾರ, ತಲೆಗೆ ಕಟ್ಟುವ ಟಾರ್ಚು, ಟಾರ್ಪಾಲು, ಕಂಬಳಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲೇಬೇಕು. ಹಾವು ಕಚ್ಚಿದಾಗ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ತಪ್ಪು. ಕಚ್ಚಿದ ಅಂಗ ಅಲುಗದಂತೆ ಇರಿಸಿ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುವುದರಿಂದ, ಬೇಸಿಗೆಯಲ್ಲಿ ಮಲೆನಾಡಿನ ಕಾಡಂಚಿಗೆ ಹೋಗುವವರು ಮೈತುಂಬ ಬಟ್ಟೆ ಧರಿಸಿ ಉಣ್ಣೆ ನಿವಾರಕ ಲೇಪಿಸಿಕೊಳ್ಳಬೇಕು.

ಮೊಬೈಲ್ ಸಂಕೇತ ಸಿಗದ ಕಡೆ ಉಪಗ್ರಹ ದೂರವಾಣಿಯ ಯೋಚನೆ ಬರುವುದು ಸಹಜ. ಆದರೆ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಭಾರತದಲ್ಲಿ ಬಳಸುವುದು ಅಪರಾಧ. ಅದಕ್ಕಿಂತ ಸುಲಭವಾದ ವ್ಯವಸ್ಥೆಯೊಂದಿದೆ: ಹೊರಡುವ ಮುನ್ನ ದಾರಿ, ಸಹಪ್ರಯಾಣಿಕರ ಹೆಸರು ಮತ್ತು ಮರಳುವ ಸಮಯವನ್ನು ಕಚೇರಿಯಲ್ಲಿ ಬರೆದಿಟ್ಟು, ಆ ಸಮಯ ಮೀರಿದರೆ ಯಾರು ಯಾರನ್ನು ಸಂಪರ್ಕಿಸಬೇಕೆಂದು ಮೊದಲೇ ಗೊತ್ತುಪಡಿಸುವುದು. ಮೊಬೈಲಿನಲ್ಲಿ ಭೂಪಟವನ್ನು ಇಳಿಸಿಕೊಂಡಿದ್ದರೂ ಕಾಗದದ ನಕ್ಷೆ ಜೊತೆಗಿರಲಿ.

ಮಾಲೀಕರ ಹೊಣೆ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಹಳ್ಳಿಗಳು ಸಂಪರ್ಕ ಕಡಿದುಕೊಂಡವು. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ಜರಿಯಿತು. ಇಂತಹ ಸನ್ನಿವೇಶದಲ್ಲಿ ಯಾವ ಸಲಕರಣೆಯೂ ವಿವೇಕಕ್ಕೆ ಬದಲಾಗದು. ಹರಿಯುವ ನೀರು 60 ಸೆಂಟಿಮೀಟರ್ ಏರಿದರೆ ಬಹುತೇಕ ವಾಹನಗಳನ್ನು ಕೊಚ್ಚಿಕೊಂಡು ಹೋಗಬಲ್ಲದು. ಅದನ್ನು ಚಾಲಕರೂ ಬಲ್ಲರು. ಆದರೂ ಅವರು ಹಳ್ಳಕ್ಕೆ ಇಳಿಯುವುದು ತಡವಾದರೆ ಟ್ರಿಪ್ಪಿನ ಹಣ ಕಡಿತವಾದೀತೆಂಬ ಭಯದಿಂದ.

ಆದಕಾರಣ ಉದ್ದಿಮೆದಾರರು ಮಾಡಬೇಕಾದ್ದು ಎರಡು. ಸಲಕರಣೆಗಳ ಪಟ್ಟಿಯನ್ನು ವಾಹನದ ಲಾಗ್ ಪುಸ್ತಕಕ್ಕೆ ಅಂಟಿಸಿ, ಪ್ರತಿ ಪ್ರಯಾಣಕ್ಕೂ ಮುನ್ನ ಚಾಲಕರಿಂದ ಸಹಿ ಪಡೆಯುವುದು ಮೊದಲನೆಯದು. ಹಾದಿ ಅಪಾಯಕರವೆಂದು ಕಂಡರೆ ಯಾರನ್ನೂ ಕೇಳದೆ ಹಿಂದಿರುಗುವ ಅಧಿಕಾರವನ್ನು ಚಾಲಕರಿಗೆ ಲಿಖಿತವಾಗಿ ನೀಡುವುದು, ಅಂದಿನ ಸಂಬಳವನ್ನು ಕಡಿತವಿಲ್ಲದೆ ಕೊಡುವುದು ಎರಡನೆಯದು. ಗುತ್ತಿಗೆ ವಾಹನಗಳ ಕರಾರಿನಲ್ಲೂ ಈ ಷರತ್ತು ಸೇರಬೇಕು. ಒಂದು ದಿನದ ಕೆಲಸ ಮುಂದೂಡಿದ ನಷ್ಟವನ್ನು ಯಾವ ಸಂಸ್ಥೆಯಾದರೂ ತುಂಬಿಕೊಳ್ಳಬಲ್ಲದು.