ವಸತಿಗೃಹಗಳ ತಪಾಸಣೆ: ನಾವು ತಿಳಿದಿರಬೇಕಾದ ಕೆಲವು ಮಾತು

ಕೆಲಸ ಅರಸಿ ಪುಣೆಗೆ ಬಂದವನು ಸ್ಟೇಶನ್ನಿನಲ್ಲಿ ಇಳಿದೊಡನೆ ಕೇಳುವ ಪ್ರಶ್ನೆಗಳು ಎರಡು: ಮಲಗುವುದೆಲ್ಲಿ, ಉಣ್ಣುವುದೆಲ್ಲಿ? ಸದಾಶಿವ ಪೇಟೆ, ನಾರಾಯಣ ಪೇಟೆಗಳ ಕಡೆ ಹೋದವನಿಗೆ ‘ಕಾಟ್ ಬೇಸಿಸ್’ ಖೋಲಿ ಸಿಗುತ್ತದೆ. ಅಂದರೆ ಖೋಲಿಯಲ್ಲ, ಖೋಲಿಯೊಳಗಿನ ಒಂದು ಮಂಚ. ಹಿಂಜವಡಿ, ವಿಮಾನನಗರಗಳ ಕಡೆ ಅದಕ್ಕೇ ಪಿ.ಜಿ. ಎಂದು ಹೆಸರು. ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಕಟ್ಟಡದ ಕೆಲಸಕ್ಕೆ ಬಂದವರಿಗೆ ತಗಡಿನ ಶೆಡ್ಡೇ ಮನೆ. ಊಟಕ್ಕೆ ಖಾನಾವಳಿ ಇದ್ದೇ ಇದೆ. ಹೆಸರು ಬೇರೆ ಬೇರೆಯಾದರೂ ಸ್ಥಿತಿ ಒಂದೇ: ಮನೆ ಇನ್ನೊಬ್ಬರದು, ಜೀವ ನಮ್ಮದು.

ಇಂಥ ಮನೆಗಳನ್ನು ಯಾರಾದರೂ ಬಂದು ನೋಡುವರೇ? ನೋಡುವ ಅಧಿಕಾರ ಯಾರಿಗುಂಟು? ಅವರನ್ನು ಕರೆಯಬೇಕಾದವರು ಯಾರು? ಈ ಮೂರು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಹೇಳುವ ಯತ್ನ ಮಾಡಲಾಗಿದೆ.

ಬಾಡಿಗೆಯ ಹಾಸಿಗೆಯನ್ನು ಸರಕಾರ ನೋಡಬೇಕೆಂಬುದು ಹೊಸ ವಿಚಾರವೇನೂ ಅಲ್ಲ. ಇಂಗ್ಲೆಂಡಿನಲ್ಲಿ 1851ರಷ್ಟು ಹಿಂದೆಯೇ ಬಡವರ ವಸತಿಗೃಹಗಳ ನೋಂದಣಿಗೂ ತಪಾಸಣೆಗೂ ಕಾಯ್ದೆಯಾಯಿತು. ನಮ್ಮ ದೇಶದಲ್ಲಿ 1867ರಲ್ಲಿ ಸರಾಯಿಗಳ ಕಾಯ್ದೆ ಬಂದಿತು. ಪ್ರವಾಸಿಗಳಿಗೆ ಇಳಿದುಕೊಳ್ಳಲು ಜಾಗ ಕೊಡುವವನು ತನ್ನ ಸರಾಯಿಯನ್ನು ನೋಂದಾಯಿಸಬೇಕು, ಕೋಣೆ, ಜಗಲಿ, ಚರಂಡಿ, ಬಾವಿಗಳನ್ನು ಶುಚಿಯಾಗಿಡಬೇಕು, ಅಂಟುರೋಗ ಬಂದರೆ ಕೂಡಲೇ ತಿಳಿಸಬೇಕು, ಕಾವಲುಗಾರರನ್ನು ಇಡಬೇಕು, ದರದ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು, ಅಧಿಕಾರಿ ಬಂದಾಗ ಒಳಗೆ ಬಿಡಬೇಕು, ಎಂದು ಅದು ವಿಧಿಸಿತು. ಒಂದೂವರೆ ಶತಮಾನದ ಹಿಂದಿನ ಈ ಪಟ್ಟಿಯನ್ನು ಇಂದಿನ ಪಿ.ಜಿ.ಯೊಂದರ ಬಾಗಿಲಲ್ಲಿ ನಿಂತು ಓದಿದರೆ, ಅದರಲ್ಲಿ ಹಳೆಯದಾದ ಮಾತು ಒಂದೂ ಕಾಣುವುದಿಲ್ಲ.

ಆದರೆ ತಪಾಸಣೆ ಎಂಬ ಶಬ್ದಕ್ಕೆ ಪುಣೆಯಲ್ಲಿ ಒಂದು ಕಹಿ ನೆನಪೂ ಅಂಟಿಕೊಂಡಿದೆ. 1897ರಲ್ಲಿ ಇಲ್ಲಿ ಪ್ಲೇಗು ಹಬ್ಬಿದಾಗ ಸೋಲ್ಜರರು ಮನೆಮನೆಗೆ ನುಗ್ಗಿ ಶೋಧ ನಡೆಸಿದರು. ರೋಗ ತಡೆಯುವುದೇ ಉದ್ದೇಶವಾಗಿದ್ದರೂ, ಜನರನ್ನು ನಡೆಸಿಕೊಂಡ ರೀತಿಗೆ ಊರೇ ಕೆರಳಿತು. ಪ್ಲೇಗು ಸಮಿತಿಯ ಮುಖ್ಯಸ್ಥ ರ‍್ಯಾಂಡನ ಮೇಲೆ ಆ ವರ್ಷ ಜೂನ್ 22ರ ರಾತ್ರಿ ಚಾಪೇಕರ ಸಹೋದರರು ಗುಂಡು ಹಾರಿಸಿದರು. ಇದರಿಂದ ಕಲಿಯಬೇಕಾದ ಪಾಠ ಒಂದುಂಟು: ಮನೆಯನ್ನು ನೋಡುವುದು ಬೇರೆ, ಮನೆಯಲ್ಲಿದ್ದವನನ್ನು ಕಳ್ಳನಂತೆ ನೋಡುವುದು ಬೇರೆ. ಇಂದೂ ಮಾಲಕರು ಬಾಡಿಗೆದಾರರ ವಿವರವನ್ನು ಪೊಲೀಸರಿಗೆ ಒಪ್ಪಿಸಬೇಕೆಂಬ ಕಟ್ಟಳೆ ಇದೆ. ಅದು ಇರಲಿ, ನಾವು ತಕರಾರು ಮಾಡುವುದಿಲ್ಲ. ಆದರೆ ಹಾಗೆ ನಮ್ಮ ಗುರುತು ಕೇಳುವ ಮನೆಯು ತನ್ನ ಗುರುತನ್ನೂ ತೋರಿಸಬೇಕಲ್ಲವೆ?

ಯಾರೂ ನೋಡದಿದ್ದರೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಿಲ್ಲ. 2019ರ ಜೂನ್ 29ರಂದು, ಮಳೆಯ ನಡುರಾತ್ರಿಯಲ್ಲಿ, ಇದೇ ಪುಣೆಯ ಕೊಂಢವಾದಲ್ಲಿ ವಸತಿ ಸಂಕುಲವೊಂದರ ಆವರಣದ ಗೋಡೆ ಕುಸಿದು ಪಕ್ಕದ ಕೂಲಿಕಾರರ ಶೆಡ್ಡುಗಳ ಮೇಲೆ ಬಿದ್ದಿತು. ಮಲಗಿದ್ದ 15 ಜನ, ಮಕ್ಕಳೂ ಸೇರಿ, ಮತ್ತೆ ಏಳಲಿಲ್ಲ. ಅವರಲ್ಲಿ ಹೆಚ್ಚಿನವರು ಬಿಹಾರದಿಂದ ಬಂದವರು. ನಾಲ್ಕು ದಿನಗಳೊಳಗೆ ಆಂಬೇಗಾವಿನಲ್ಲಿ ಇನ್ನೊಂದು ಗೋಡೆ ಬಿದ್ದು ಮತ್ತೆ ಕೂಲಿಕಾರರೇ ಸತ್ತರು. ಕಟ್ಟಡ ಕಾರ್ಮಿಕರಿಗೆ ಬಾಡಿಗೆಯಿಲ್ಲದೆ ತಾತ್ಕಾಲಿಕ ವಸತಿ, ಅಡಿಗೆಗೆ, ಸ್ನಾನಕ್ಕೆ, ಶೌಚಕ್ಕೆ ಪ್ರತ್ಯೇಕ ಸೌಕರ್ಯ ಕೊಡಬೇಕೆಂದು 1996ರ ಕಾಯ್ದೆಯ 34ನೆಯ ಕಲಮು ಆಗಲೇ ಹೇಳಿತ್ತು. ಕಾಯ್ದೆ ಇತ್ತು, ಗೋಡೆಯ ಬುಡದಲ್ಲಿ ಶೆಡ್ಡು ಹಾಕುವಾಗ ಬೇಡವೆನ್ನುವ ಕಣ್ಣು ಮಾತ್ರ ಇರಲಿಲ್ಲ. ಆ ಕಾಯ್ದೆಯ ಸ್ಥಾನದಲ್ಲಿ ಈಗ 2020ರ ಸಂಹಿತೆ ಇದೆ. ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ.

ಇನ್ನು, ನೋಡುವ ಅಧಿಕಾರ ಯಾರಿಗೆ? ಒಬ್ಬನೇ ಅಧಿಕಾರಿ ಎಲ್ಲವನ್ನೂ ನೋಡುವುದಿಲ್ಲ. ಆದುದರಿಂದ ದೂರು ಯಾವುದು ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು.

ಅನ್ನದ ದೂರು ಆಹಾರ ಮತ್ತು ಔಷಧ ಆಡಳಿತಕ್ಕೆ ಸಲ್ಲುತ್ತದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಖಾನಾವಳಿಗೆ ನೋಂದಣಿ ಇಲ್ಲವೆ ಪರವಾನಗಿ ಬೇಕು. ಅದರ 14 ಅಂಕಿಗಳ ಸಂಖ್ಯೆ ಗೋಡೆಯ ಮೇಲೆ ಕಾಣಬೇಕು. ಅಧಿಕಾರಿಯು ಅಡಿಗೆಮನೆಗೆ ಬಂದು ನೋಡಬಹುದು, ಮಾದರಿ ಒಯ್ಯಬಹುದು. ಹಣ ಕೊಟ್ಟು ಕೊಂಡವನೂ, ಮಾರಿದವನಿಗೆ ಆಗಲೇ ತಿಳಿಸಿ, ಶುಲ್ಕ ತುಂಬಿ ಪದಾರ್ಥದ ಪರೀಕ್ಷೆ ಮಾಡಿಸಬಹುದು. ದೋಷ ಕಂಡುಬಂದರೆ ಶುಲ್ಕ ಮರಳಿ ಬರುತ್ತದೆ.

ನೀರು, ಶೌಚ, ಚರಂಡಿಗಳ ದೂರು ಮಹಾನಗರಪಾಲಿಕೆಗೆ. ಪುಣೆಯದು ಬೇರೆ, ಪಿಂಪರಿ-ಚಿಂಚವಡದ್ದು ಬೇರೆ ಎಂಬುದನ್ನು ಮರೆಯಬಾರದು. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಡೆ ಕೈಕಾಲು ಸೋಲುವ ಗಿಯಾನ್-ಬಾರೆ ಕಾಯಿಲೆ ಹಬ್ಬಿದಾಗ ಸಂಶಯ ಹೋದದ್ದು ಕುಡಿಯುವ ನೀರಿನ ಮೇಲೆಯೇ. ಮೇಲಿನ ಟಾಕಿ ತೊಳೆದು ಎಷ್ಟು ದಿನವಾಯಿತೆಂದು ಕೇಳುವುದು ಜಗಳಗಂಟತನವಲ್ಲ.

ಬೆಂಕಿಯ ಭಯವಿದ್ದರೆ ಅಗ್ನಿಶಾಮಕ ದಳಕ್ಕೆ. ಮಹಾರಾಷ್ಟ್ರದ 2006ರ ಅಗ್ನಿಸುರಕ್ಷಾ ಕಾಯ್ದೆಗೆ ಒಳಪಟ್ಟ ಕಟ್ಟಡಗಳ ಮಾಲಕರು ಬೆಂಕಿ ಆರಿಸುವ ಸಲಕರಣೆ ಸುಸ್ಥಿತಿಯಲ್ಲಿದೆಯೆಂಬ ಪ್ರಮಾಣಪತ್ರವನ್ನು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಗಳಲ್ಲಿ, ಒಪ್ಪಿಸಬೇಕು.

ಹಣದ ಮೋಸ, ಹೇಳಿದ ಸೌಕರ್ಯ ಕೊಡದಿರುವುದು, ಇವುಗಳಿಗೆ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣ ಕಾಯ್ದೆಯು ಊಟ-ವಸತಿಯನ್ನು ‘ಸೇವೆ’ ಎಂದು ಸ್ಪಷ್ಟವಾಗಿ ಹೆಸರಿಸಿದೆ. ಮೊದಲ ಸಲಹೆಗೆ 1915 ಸಂಖ್ಯೆಗೆ ಫೋನು ಮಾಡಬಹುದು.

ಎಷ್ಟು ಜಾಗ ಇದ್ದರೆ ಸಾಕು? ಬೆಂಗಳೂರಿನ ಮಹಾನಗರಪಾಲಿಕೆಯು 2024ರಲ್ಲಿ ಪಿ.ಜಿ.ಗಳಿಗೆ ಹೊರಡಿಸಿದ ನಿಯಮಗಳಲ್ಲಿ ಒಬ್ಬರಿಗೆ 70 ಚದರಡಿ ಜಾಗ, ದಿನಕ್ಕೆ 135 ಲೀಟರು ನೀರು ಎಂದು ಹೇಳಿತು. ಅದು ಪುಣೆಯನ್ನು ಕಟ್ಟಿಹಾಕುವ ನಿಯಮವಲ್ಲ. ಆದರೂ ಅಳೆದು ನೋಡಲು ಒಂದು ಕೋಲು. ಹತ್ತಕ್ಕೆ ಹನ್ನೆರಡು ಅಡಿಯ ಖೋಲಿ ಎಂದರೆ 120 ಚದರಡಿ. ಆ ಲೆಕ್ಕದಲ್ಲಿ ಇಬ್ಬರಿಗೂ ಸಾಲದು. ಅಲ್ಲಿ ನಾಲ್ಕು ಮಂಚ ಹಾಕಿದರೆ ಒಬ್ಬನ ಪಾಲಿಗೆ 30 ಚದರಡಿ.

ಆದರೆ ಅಧಿಕಾರಿ ವರ್ಷಕ್ಕೊಮ್ಮೆ ಬಂದಾನು, ಬಾರದೆಯೂ ಇದ್ದಾನು. ಅಲ್ಲಿ ದಿನವೂ ಮಲಗುವವರು ನಾವು. ಆದುದರಿಂದ ಮುಂಗಡ ಕೊಡುವ ಮೊದಲೇ ನಾವೇ ತಪಾಸಣೆಗಾರರಾಗಬೇಕು. ರಾತ್ರಿ ಹೊರಬಾಗಿಲಿಗೆ ಬೀಗ ಹಾಕುವರೇ, ಕೀಲಿ ಯಾರ ಬಳಿ ಇರುತ್ತದೆ? ಕಿಟಕಿ ತೆರೆಯುತ್ತದೆಯೇ? ಒಂದೇ ಪ್ಲಗ್ಗಿಗೆ ಎಷ್ಟು ತಂತಿ ಜೋತಿವೆ? ಜಿನೆಯ ಮೇಲೆ ಸೈಕಲ್ಲು, ಸಿಲಿಂಡರು ಇಟ್ಟು ದಾರಿ ಕಟ್ಟಿದ್ದಾರೆಯೇ? ಬಚ್ಚಲಲ್ಲಿ ಗ್ಯಾಸಿನ ಗೀಸರ್ ಇದ್ದರೆ ಗಾಳಿ ಹೊರಹೋಗಲು ದಾರಿ ಇದೆಯೇ? ಮುಚ್ಚಿದ ಬಚ್ಚಲಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ಸುತ್ತಿತೆಂದು ತಿಳಿಯುವಷ್ಟರಲ್ಲಿ ಕಾಲಲ್ಲಿ ಬಲ ಇರುವುದಿಲ್ಲ. ಶೆಡ್ಡಿನಲ್ಲಿ ಇರುವವರು ಇನ್ನೊಂದನ್ನು ನೋಡಬೇಕು: ಬೆನ್ನಿಗೆ ಎತ್ತರದ ಗೋಡೆ ಇದೆಯೇ, ಅದರ ಆಚೆ ಮಣ್ಣು ತುಂಬಿದೆಯೇ, ಮಳೆಗಾಲದಲ್ಲಿ ಅದು ಬಿರುಕು ಬಿಟ್ಟಿದೆಯೇ?

‘ಇದೆಲ್ಲ ಗೊತ್ತು, ಬಾಯಿ ಬಿಟ್ಟರೆ ನಾಳೆಯೇ ಪೆಟ್ಟಿಗೆ ಬೀದಿಗೆ ಬರುತ್ತದಲ್ಲ?’ ಎಂದು ಯಾರಾದರೂ ಕೇಳಬಹುದು. ಈ ಭಯ ಸುಳ್ಳಲ್ಲ. ನಮ್ಮವರು ಸುಮ್ಮನಿರುವುದು ಅಜ್ಞಾನದಿಂದಲ್ಲ, ಹಾಸಿಗೆ ತಪ್ಪೀತೆಂಬ ಅಂಜಿಕೆಯಿಂದ. ಅದಕ್ಕೆ ಪೂರ್ತಿ ಮದ್ದಿಲ್ಲದಿದ್ದರೂ ಎರಡು ಆಧಾರಗಳಿವೆ.

ಮೊದಲನೆಯದು ಕಾಗದ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮಿನಂತೆ ಬಾಡಿಗೆಯ, ಇಲ್ಲವೆ ಲೀವ್ ಅಂಡ್ ಲೈಸೆನ್ಸ್ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು. ನೋಂದಣಿ ಮಾಡಿಸುವ ಹೊಣೆ ಮಾಲಕನದು. ಮಾಡಿಸದಿದ್ದರೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ, ಸುಳ್ಳೆಂದು ಸಿದ್ಧವಾಗುವ ತನಕ, ನಿಲ್ಲುತ್ತದೆ. ಅದೇ ಕಾಯ್ದೆಯಲ್ಲಿ ‘ಪೇಯಿಂಗ್ ಗೆಸ್ಟ್’ ಎಂದರೆ ಮಾಲಕ ತಾನೂ ವಾಸಿಸುವ ಮನೆಯ ಒಂದು ಭಾಗದಲ್ಲಿ ಇರುವವನು ಎಂದರ್ಥ. ಮಾಲಕನ ನೆರಳೂ ಬೀಳದ ಕಟ್ಟಡಕ್ಕೆ ಪಿ.ಜಿ. ಎಂದು ಹಲಗೆ ತೂಗಿದ ಮಾತ್ರಕ್ಕೆ ಅದು ಹಾಗಾಗುವುದಿಲ್ಲ. ಏನಿಲ್ಲದಿದ್ದರೂ ಅನಾಮತ್ತು ಮತ್ತು ಬಾಡಿಗೆಯ ಹಣಕ್ಕೆ ರಸೀದಿ ಇರಲಿ, ಇಲ್ಲವೆ ಬ್ಯಾಂಕಿನ ಮೂಲಕವೇ ಕೊಡಿರಿ.

ಎರಡನೆಯದು ಸಂಖ್ಯೆ. ಒಬ್ಬನ ಸಹಿ ಇದ್ದ ಅರ್ಜಿ ಒಬ್ಬನನ್ನು ಹೊರಹಾಕಲು ನೆಪವಾದೀತು. ಹನ್ನೆರಡು ಜನರ ಸಹಿ ಇದ್ದ ಅರ್ಜಿ ಹಾಗಾಗುವುದಿಲ್ಲ. ಹನ್ನೆರಡು ಮಂಚ ಒಮ್ಮೆಲೆ ಬರಿದಾಗುವುದು ಯಾವ ಮಾಲಕನಿಗೂ ಬೇಡ. ಅರ್ಜಿಯಲ್ಲಿ ಸಿಟ್ಟಿನ ಮಾತು ಬೇಡ. ತಾರೀಖು, ಸ್ಥಳ, ಕಂಡ ದೋಷ, ಬೇಕಾದ ಕ್ರಮ, ಇಷ್ಟು ಸಾಕು. ಒಂದು ಪ್ರತಿಯ ಮೇಲೆ ಕಚೇರಿಯ ಮುದ್ರೆ ಹಾಕಿಸಿಕೊಂಡು ಬರಬೇಕು. ಮೊದಲು ಮಾಲಕನಿಗೇ ಸಮಾಧಾನದಿಂದ ಹೇಳಿ ನೋಡುವುದು ಒಳ್ಳೆಯದು. ಎಷ್ಟೋ ಮಾಲಕರು, ಅವರಲ್ಲಿ ನಮ್ಮ ಕಡೆಯವರೂ ಉಂಟು, ಹೇಳಿದ ವಾರದಲ್ಲಿ ತಂತಿ ಬದಲಾಯಿಸುತ್ತಾರೆ. ಗೋಡೆ ಬಿರಿದಿದ್ದರೆ ಮಾತ್ರ ವಾರ ಕಾಯಬೇಡಿರಿ. ಆ ರಾತ್ರಿಯೇ ಹಾಸಿಗೆ ಬೇರೆಡೆಗೆ ಸರಿಸಿರಿ, 112ಕ್ಕೆ ತಿಳಿಸಿರಿ.

ಮರಾಠಿಯಲ್ಲಿ ಅರ್ಜಿ ಬರೆಯಲು ಬಾರದವರು ವಾಚನಾಲಯಕ್ಕೆ ಸಂಜೆ ಬರುವ ಗುಮಾಸ್ತ ಮಿತ್ರರಲ್ಲಿ ಯಾರನ್ನಾದರೂ ಸಂಕೋಚವಿಲ್ಲದೆ ಕೇಳಬೇಕು. ಬರೆಯಬಲ್ಲವರೂ ಇಲ್ಲವೆನ್ನಬಾರದು. ಕೊಂಢವಾದಲ್ಲಿ ಮಲಗಿದ್ದವರ ಪರವಾಗಿ ಅರ್ಧ ಪುಟ ಬರೆಯುವವನೊಬ್ಬ ಮಳೆಗಾಲಕ್ಕೆ ಮುಂಚೆ ಇದ್ದಿದ್ದರೆ ಏನಾಗುತ್ತಿತ್ತೋ, ಯಾರು ಬಲ್ಲರು? ಮುಂದಿನ ಮಳೆಗಾಲಕ್ಕೆ ಮುಂಚೆ ನಮ್ಮಲ್ಲಿ ಅಂಥವರು ಹತ್ತು ಜನರಾದರೂ ಇರಲಿ.